ಥೈರಾಯ್ಡ್ ಮಾತ್ರೆಯ ಮೇಲಿನ ಅಪವಾದ

ಕುಣಿಗಲ್ ಸೀಮೆಯಲ್ಲಿ ಥೈರಾಯ್ಡ್ ಮಾತ್ರೆಗೆ ಅಂಟಿಕೊಂಡಿರುವಷ್ಟು ಕೆಟ್ಟ ಹೆಸರು ದಿನವೂ ನುಂಗುವ ಬೇರೆ ಮಾತ್ರೆಗಳಿಗೆ ಅಂಟಿಲ್ಲ. ಬಿ.ಪಿ. ಮಾತ್ರೆಯನ್ನು ಜನ ಮರೆತು ಬಿಡುತ್ತಾರೆ. ಇದನ್ನು ಹೆದರಿ ಬಿಡುತ್ತಾರೆ. "ಅದನ್ನ ನುಂಗಿದ್ರೆ ಮೂಳೆ ಸವೆದೋಗ್ತವೆ ಕಣಕ್ಕ, ನಂಗೆ ಮಂಡಿ ಹಿಡ್ಕೊಂಡಿದ್ದೇ ಅದ್ರಿಂದ" ಎಂಬ ಮಾತು ಹುಲಿಯೂರುದುರ್ಗದ ಬಸ್ಸಿನಲ್ಲೂ ಕಿವಿಗೆ ಬೀಳುತ್ತದೆ, ಅಮೃತೂರಿನ ಡೇರಿ ಮುಂದೆಯೂ ಬೀಳುತ್ತದೆ. ಈ ಅಪವಾದ ಅದರ ಯೋಗ್ಯತೆಗೆ ಮೀರಿ ಬೆಳೆದಿದೆ ಎಂಬುದು ನನ್ನ ತೀರ್ಮಾನ. ಆದರೆ ಅದು ಹುಟ್ಟಿದ್ದು ಗಾಳಿಯಿಂದಲ್ಲ.

ಥೈರಾಯ್ಡ್ ರಸ ಮಿತಿ ಮೀರಿದರೆ ಮೂಳೆ ಟೊಳ್ಳಾಗುತ್ತದೆ ಎಂಬುದು ವೈದ್ಯರಿಗೆ 1891ರಿಂದಲೇ ಗೊತ್ತು. ಆ ವರ್ಷ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸೆನ್, ಥೈರಾಯ್ಡ್ ಅತಿಯಾಗಿದ್ದ ಯುವತಿಯೊಬ್ಬಳ ಮೂಳೆಗಳು ಹುಳು ತಿಂದಂತೆ ಆಗಿದ್ದನ್ನು ವಿವರಿಸಿದ. ಹಳೆ ಮೂಳೆ ಕರಗಿ ಹೊಸದು ತುಂಬುವ ಕೆಲಸ ದೇಹದಲ್ಲಿ ಸದಾ ನಡೆಯುತ್ತಲೇ ಇರುತ್ತದೆ. ರಸ ಹೆಚ್ಚಾದಾಗ ಕರಗುವ ವೇಗಕ್ಕೆ ತುಂಬುವ ವೇಗ ಸಾಟಿಯಾಗುವುದಿಲ್ಲ. ಮಾತ್ರೆಯ ರೂಪದಲ್ಲಿ ಹೆಚ್ಚಾದರೂ ಇದೇ ಕಥೆ. ಕೆನಡಾದ ಒಂಟಾರಿಯೊದಲ್ಲಿ 70 ದಾಟಿದ, ಈ ಮಾತ್ರೆ ನುಂಗುವ ಎರಡು ಲಕ್ಷಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡೋಸು ಏರಿದಂತೆ ಮೂಳೆ ಮುರಿತವೂ ಏರಿದ್ದು ಕಂಡಿತು. ಮುಟ್ಟು ನಿಂತ ಹೆಂಗಸರು ಇಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಇಷ್ಟರಮಟ್ಟಿಗೆ ಬಸ್ಸಿನ ಮಾತು ಸರಿ.

ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಮೂಳೆ ತೆಳ್ಳಗಾಗುವಾಗ ನೋಯುವುದಿಲ್ಲ. ಜಾರಿ ಬಿದ್ದು ಮಣಿಕಟ್ಟೋ ಸೊಂಟವೋ ಮುರಿಯುವ ತನಕ, ಬೆನ್ನುಮೂಳೆ ಕುಸಿಯುವ ತನಕ ಅದು ತನ್ನ ಸುಳಿವನ್ನೇ ಕೊಡುವುದಿಲ್ಲ. ಕೀಲು ಬಿಗಿಯುವುದು, ಮಾಂಸಖಂಡ ನೋಯುವುದು, ಬೆಳಿಗ್ಗೆ ಎದ್ದಾಗ ಬೆರಳು ಜೋಮು ಹಿಡಿಯುವುದು, ಇವು ಥೈರಾಯ್ಡ್ ಕಡಿಮೆ ಇದ್ದಾಗಿನ ಲಕ್ಷಣಗಳು. ಅಂದರೆ ನೋವಿದೆ ಎಂದು ಮಾತ್ರೆ ಬಿಟ್ಟವಳು ನೋವನ್ನೇ ಮನೆಗೆ ಕರೆಯುತ್ತಾಳೆ. ನೋವಿಲ್ಲ ಎಂದು ವರ್ಷಗಟ್ಟಲೆ ರಕ್ತಪರೀಕ್ಷೆ ಇಲ್ಲದೆ 125 ಮೈಕ್ರೋಗ್ರಾಂ ನುಂಗುವವಳ ಮೂಳೆ ಸದ್ದಿಲ್ಲದೆ ಸವೆಯುತ್ತಿರಬಹುದು.

ಈಗ ನನ್ನ ಮುಂದಿರುವ ಎರಡು ಚೀಟಿಗಳಿಗೆ ಬರುತ್ತೇನೆ. ಎರಡೂ ತಾಲ್ಲೂಕಿನ ಒಬ್ಬರೇ ತಾಯಿಯವು. ಬರೆದವರ ಹೆಸರು ಇಲ್ಲಿ ಬೇಡ. ಮೊದಲನೆಯದರಲ್ಲಿ ಇದೇ ಥೈರಾಯ್ಡ್ ಮಾತ್ರೆ, ಥೈರಾಕ್ಸಿನ್ 50, ಅದರ ಮುಂದೆ 1-0-0, ಅಂದರೆ ಬೆಳಿಗ್ಗೆ ಮಾತ್ರ ಒಂದು, "ಖಾಲಿ ಹೊಟ್ಟೆ". ಕೆಳಗೆ, ಮಂಡಿ ನೋವೆಂದು ಹೇಳಿಕೊಂಡಿದ್ದಕ್ಕೆ, ಕ್ಯಾಲ್ಸಿಯಂ. ಅದರ ಮುಂದೆಯೂ 1-0-0. ಆರು ತಿಂಗಳ ನಂತರದ ಚೀಟಿಯಲ್ಲಿ, ಥೈರಾಯ್ಡ್ ರಸ ಕಡಿಮೆಯಾದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ ಏರಿದೆ, ಥೈರಾಕ್ಸಿನ್ 75 ಆಗಿದೆ, ಕ್ಯಾಲ್ಸಿಯಂ ಇದ್ದಲ್ಲೇ ಇದೆ. ಮಾತ್ರೆ ಹೆಚ್ಚಿಸಿದ ಮೇಲೂ ನೋವು ಹೋಗಲಿಲ್ಲ ಎಂಬುದೇ ಆಕೆಯ ದೂರು.

ಒಂದರ ಕೆಳಗೊಂದು ಬರೆದ ಆ ಎರಡು 1-0-0ಗಳನ್ನು ಎಷ್ಟು ಸಲ ಓದಿದರೂ ಸಾಲದು. ಚೀಟಿ ನೋಡಿದ ಯಾರೇ ಆದರೂ ಬೆಳಿಗ್ಗೆ ಎದ್ದು ಎರಡನ್ನೂ ಒಂದೇ ಲೋಟ ನೀರಲ್ಲಿ ನುಂಗುತ್ತಾರೆ; ಚೀಟಿ ಹೇಳುತ್ತಿರುವುದೂ ಅದನ್ನೇ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಥೈರಾಕ್ಸಿನ್ನನ್ನು ಕಟ್ಟಿಹಾಕುತ್ತದೆ, ರಕ್ತಕ್ಕೆ ಸೇರಬೇಕಾದಷ್ಟು ಸೇರುವುದಿಲ್ಲ. ಕಬ್ಬಿಣದ ಮಾತ್ರೆಯೂ ಹೀಗೆಯೇ. ಇವುಗಳ ನಡುವೆ ನಾಲ್ಕು ಗಂಟೆ ಅಂತರ ಬೇಕು. ಕಾಫಿಗೂ ತಿಂಡಿಗೂ ಮಾತ್ರೆ ನುಂಗಿದ ಮೇಲೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಅಂತರ ಸಿಗದ ಮಾತ್ರೆ ದಕ್ಕಲಿಲ್ಲ. ದಕ್ಕದ್ದರಿಂದ ಟಿಎಸ್‌ಎಚ್ ಏರಿತು. ಏರಿದ್ದಕ್ಕೆ ಡೋಸು ಏರಿತು. ಮೂಳೆಗೆಂದು ಕೊಟ್ಟ ಕ್ಯಾಲ್ಸಿಯಮ್ಮೇ ಕೀಲಿನ ಬಿಗಿತ ಇಳಿಯದಂತೆ ನೋಡಿಕೊಂಡಿರಬಹುದು.

ಇದರ ಮುಂದಿನ ಭಾಗ ಇನ್ನೂ ಗಂಭೀರ. ಒಂದು ದಿನ ಕ್ಯಾಲ್ಸಿಯಂ ಡಬ್ಬಿ ಮುಗಿಯುತ್ತದೆ, ಮತ್ತೆ ತರುವುದಿಲ್ಲ. ಅಂದಿನಿಂದ 75 ಅಡೆತಡೆಯಿಲ್ಲದೆ ರಕ್ತಕ್ಕೆ ಸೇರಲು ಶುರುವಾಗುತ್ತದೆ. 50 ಸಾಕಾಗಿದ್ದ ದೇಹಕ್ಕೆ ಅದು ಅತಿ. ಬಿಗಿತ ಇಳಿದು ಆಕೆಗೆ ಹಾಯೆನಿಸಬಹುದು. ಮೂಳೆ ಸವೆಯುವ ನಿಜವಾದ ಅಪಾಯ ತೊಡಗುವುದು ಆಗಲೇ. ಆ ಹೊತ್ತಿಗೆ ಆಕೆಗೆ ದೂರೂ ಇರುವುದಿಲ್ಲ, ಮುಂದಿನ ಪರೀಕ್ಷೆ ಯಾವಾಗ ಎಂದು ಎರಡು ಚೀಟಿಯಲ್ಲೂ ಬರೆದಿಲ್ಲ.

ಈ ವಿಷಯದಲ್ಲಿ ನಮ್ಮ ಆರೋಗ್ಯ ಅಂಕಣಕಾರರ ಮೇಲೆ ನನಗೆ ಸಿಟ್ಟಿದೆ. ಒಂದು ಗುಂಪು "ಥೈರಾಯ್ಡ್ ಮಾತ್ರೆಯಿಂದ ಮೂಳೆ ಸವೆತ" ಎಂದು ದೊಡ್ಡದಾಗಿ ತಲೆಬರಹ ಹಾಕಿ, ಡೋಸಿನ ಮಾತನ್ನು ಕೊನೆಯ ಸಾಲಿಗೆ ತಳ್ಳುತ್ತದೆ. ಇವರು ಹೇಗೂ ಹೆದರಿಸುವವರು. ನನಗೆ ಹೆಚ್ಚು ನೋವಾಗುವುದು ಇನ್ನೊಂದು ಗುಂಪಿನಿಂದ, ಹೆಂಗಸರ ಈ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರಿಂದ. ರಾಗಿ ಹೊಲದಲ್ಲಿ ಬಗ್ಗಿ ಕಳೆ ಕಿತ್ತು, ಹಸು ಕಟ್ಟಿ, ಹಾಲಿನ ಕ್ಯಾನು ಹೊತ್ತ ಹೆಂಗಸು ಮಾತ್ರೆ ಶುರುವಾದ ಮೇಲೂ ನೋವು ಹೋಗಿಲ್ಲ ಎಂದರೆ, ಅದು ಆಕೆ ಕಂಡ ಸತ್ಯ. ಮಾತ್ರೆಯ ಪರಿಣಾಮ ರಕ್ತದಲ್ಲಿ ನೆಲೆಯಾಗಲು ಆರರಿಂದ ಎಂಟು ವಾರ ಬೇಕು, ಮೈಕೈ ನೋವು ಇಳಿಯಲು ಅದಕ್ಕೂ ಹೆಚ್ಚು ಕಾಲ ಹಿಡಿಯಬಹುದು ಎಂದು ಆಕೆಗೆ ಯಾರು ಹೇಳಿದರು? ಟಿಎಸ್‌ಎಚ್ ಬರೀ 6 ಇದ್ದ ಅಜ್ಜಿಗೂ "ಇದರಿಂದ ನೋವೆಲ್ಲ ಹೋಗುತ್ತೆ" ಎಂದು ಮಾತ್ರೆ ಕೊಡುವುದುಂಟು. 65 ದಾಟಿದ, ಇಂಥದೇ ಅಲ್ಪ ಏರಿಕೆ ಇದ್ದ 737 ಮಂದಿಯ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಾತ್ರೆಯಿಂದ ಸುಸ್ತು ಮೊದಲಾದ ಲಕ್ಷಣಗಳು ಕಡಿಮೆಯಾಗಲಿಲ್ಲ. ಮಂಡಿಚಿಪ್ಪಿನ ಸವೆತದಿಂದ ಬಂದ ನೋವು ಥೈರಾಕ್ಸಿನ್ನಿಂದ ಹೋಗುವುದಾದರೂ ಹೇಗೆ? ಆಗದ್ದನ್ನು ಆಗುತ್ತದೆಂದು ಭರವಸೆ ಕೊಟ್ಟವರು, ಆಕೆ ಮಾತ್ರೆಯನ್ನು ಬೈದಾಗ ಆಕೆಯನ್ನು ದಡ್ಡಿ ಎನ್ನಬಾರದು.

ಮೂರನೆಯ ವಾದವೂ ಒಂದಿದೆ: ತುಮಕೂರು ಜಿಲ್ಲೆಯ ಕೀಲು ನೋವೆಲ್ಲ ಫ್ಲೋರೈಡಿನದು ಎನ್ನುವುದು. ಪಾವಗಡದಲ್ಲಿ ಫ್ಲೋರೈಡ್ ಮೂಳೆ ಕೆಡಿಸಿದ್ದು ನಿಜ, ಅಲ್ಲಿ ಅದು ನಿಜಕ್ಕೂ ನೋಯುತ್ತದೆ, ಬೆನ್ನು ಸೆಟೆಯುತ್ತದೆ. ಆದರೆ ಕುಣಿಗಲ್ಲಿನ ಮಂಡಿಗೆ ಪಾವಗಡದ ಬೋರ್‌ವೆಲ್ ನೀರನ್ನು ಸಾಕ್ಷಿಗೆ ಕರೆಯುವ ಮೊದಲು ನೋವಿರುವವರ ಮನೆಯ ನೀರನ್ನೇ ಪರೀಕ್ಷೆಗೆ ಕೊಡಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು.

ಥೈರಾಯ್ಡ್ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆದವರಲ್ಲಿ ಕೆಲವರಿಗೆ ಟಿಎಸ್‌ಎಚ್ ಅನ್ನು ಬೇಕೆಂದೇ ತಗ್ಗಿಸಿರುತ್ತಾರೆ; ಅವರ ಲೆಕ್ಕ ಬೇರೆ. ಉಳಿದವರ ಚೀಟಿಯಲ್ಲಿ ಥೈರಾಕ್ಸಿನ್ ಮುಂದೆ 1-0-0 ಇರಲಿ, ಕ್ಯಾಲ್ಸಿಯಂ ಮುಂದೆ 0-0-1 ಎಂದು ಬರೆದು "ರಾತ್ರಿ ಊಟದ ಜೊತೆ" ಎಂದು ಸೇರಿಸಲಿ. ಡೋಸು ಬದಲಾದಾಗಲೆಲ್ಲ ಎಂಟು ವಾರ ಬಿಟ್ಟು ಟಿಎಸ್‌ಎಚ್ ನೋಡಿಸುವ ತಾರೀಖನ್ನು ಅದರ ಕೆಳಗೆ ಕನ್ನಡದಲ್ಲೇ ಬರೆಯಲಿ.