ಹಿಡಿಂಬನಿಗೆ ಉಳಿದ ಒಂದೇ ಹಲ್ಲು

ಚಿತ್ರದುರ್ಗದ ಬೆಟ್ಟದ ಮೇಲಿನ ಗುಡಿಗಳಲ್ಲೆಲ್ಲ ಹಳೆಯದು ಎನಿಸಿಕೊಂಡ ಹಿಡಿಂಬೇಶ್ವರ ದೇವಸ್ಥಾನದ ಎರಡು ವಸ್ತುಗಳನ್ನು ಹಳೆಯ ಮೈಸೂರು ಗೆಜೆಟಿಯರ್ ಕೂಡ ಮರೆಯದೆ ದಾಖಲಿಸಿದೆ. ಒಂದು, ಹಿಡಿಂಬಾಸುರನ ಹಲ್ಲು ಎಂದು ತೋರಿಸುವ ಮೂಳೆಯ ತುಂಡು. ಇನ್ನೊಂದು, ಕಬ್ಬಿಣದ ತಗಡುಗಳಿಂದ ಮಾಡಿದ, 6 ಅಡಿ ಎತ್ತರ, 10 ಅಡಿ ಸುತ್ತಳತೆಯ ಕೊಳವೆಯಂಥ ವಸ್ತು. ಅದಕ್ಕೆ ಭೀಮನ ಭೇರಿ ಎಂದು ಹೆಸರು. ದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆ ಬೆಳೆದವರ ಬಾಲ್ಯದ ರಾಕ್ಷಸ ಏಳು ಸಮುದ್ರದಾಚೆ ಇದ್ದವನಲ್ಲ. ಬಸ್ಸಿಳಿದು ಕತ್ತೆತ್ತಿದರೆ ಕಾಣುವ ಬೆಟ್ಟದ ಮೇಲೆಯೇ ಇದ್ದ. ಅವನು ಯಾವಾಗ ಸತ್ತ ಎಂದು ಕೇಳಿದರೆ ಪುರಾಣದ ಉತ್ತರ ಒಂದಿದೆ: ಅರಗಿನ ಮನೆಯಿಂದ ತಪ್ಪಿಸಿಕೊಂಡು ಬಂದ ಪಾಂಡವರಲ್ಲಿ ಭೀಮನ ಕೈಗೆ ಸಿಕ್ಕಿ ಸತ್ತ. ನಮ್ಮ ಮಟ್ಟಿಗೆ ಅವನು ಸತ್ತದ್ದು ಆ ಹಲ್ಲಿನ ಮುಂದೆ.

ಆ ಮೂಳೆ ಯಾವ ಪ್ರಾಣಿಯದು ಎನ್ನುವುದು ಇಲ್ಲಿ ನನ್ನ ಪ್ರಶ್ನೆಯಲ್ಲ. ಅದನ್ನು ಮಕ್ಕಳ ಮುಂದಿಟ್ಟು ನಾವು ಕತೆ ಹೇಳುವ ರೀತಿಯ ಬಗ್ಗೆ ನನ್ನ ತಕರಾರಿದೆ.

ಡಿಸೆಂಬರ್ ಬಂತೆಂದರೆ ಕೋಟೆಯ ಮುಂದೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಅಂಥದೊಂದು ದಿನ ಮಕ್ಕಳ ಗುಂಪಿನ ಹಿಂದೆ ನಾನೂ ಹತ್ತಿದ್ದೆ. ಗೈಡು ಹಲ್ಲಿನ ಕತೆ ಹೇಳಿ, "ಹಲ್ಲೇ ಇಷ್ಟಿದ್ರೆ ಆಳೆಷ್ಟಿರ್ಬೇಕು, ನೀವೇ ಲೆಕ್ಕ ಹಾಕ್ಕಳಿ" ಎಂದು ಮಾತು ಮುಗಿಸಿದ. ಎರಡು ಜಡೆಯ ಹುಡುಗಿಯೊಬ್ಬಳು, "ಮಿಕ್ಕಿದ್ ಹಲ್ಲೆಲ್ಲ ಎಲ್ಲಿಗೋದ್ವು ಸಾರ್?" ಎಂದಳು. ಗೈಡು ನಕ್ಕ. ಅವಳ ಪಕ್ಕದವನಿಗೆ ಅಷ್ಟೇ ಸಾಕಾಯಿತು: "ಭೀಮನ ಕಾಲದಾಗೆ ಕಬ್ಬಿಣದ ತಗಡು ಎಲ್ಲಿ ಸಿಗ್ತಿತ್ತು ಸಾರ್?" ಮೇಷ್ಟ್ರು ಗದರಿದರು: "ಲೈನ್ ಬಿಡಬ್ಯಾಡ್ರಿ, ನಡೀರಿ ಮುಂದಕ್ಕೆ."

ಲೆಕ್ಕ ಹಾಕಿ ಎಂದವನು ಗೈಡೇ. ಹುಡುಗಿ ಹಾಕಿದಳು, ಅಷ್ಟೇ. ಮೂವತ್ತೆರಡರಲ್ಲಿ ಒಂದು ಇಲ್ಲಿದ್ದರೆ ಉಳಿದ ಮೂವತ್ತೊಂದು ಎಲ್ಲಿ ಎನ್ನುವುದಕ್ಕಿಂತ ಸರಿಯಾದ ಪ್ರಶ್ನೆ ಆ ಜಾಗದಲ್ಲಿ ಇನ್ನೊಂದಿಲ್ಲ. ಸಾಕ್ಷಿ ತಂದು ಎದುರಿಗಿಟ್ಟ ಮೇಲೆ ಪಾಟೀಸವಾಲು ಬಂದೇ ಬರುತ್ತದೆ. ಕತೆಯಾಗಿದ್ದಷ್ಟು ದಿನ ಹಿಡಿಂಬನನ್ನು ಯಾರೂ ಕಟಕಟೆಗೆ ಎಳೆದಿರಲಿಲ್ಲ. ಹಲ್ಲು ತೋರಿಸಿ ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದವರು ನಾವು, ಅವನನ್ನು ನಂಬಿಸಬೇಕೆಂದು ಹೊರಟ ದೊಡ್ಡವರು.

ಇದೇ ಕತೆಯನ್ನು ನಮ್ಮ ಕಡೆಯ ಅಜ್ಜಿಯರು ಹೇಳುತ್ತಿದ್ದ ಬಗೆಯೇ ಬೇರೆ. ಅವರ ಹಿಡಿಂಬನಿಗೆ ಹಲ್ಲಿನ ದಾಖಲೆ ಬೇಕಿರಲಿಲ್ಲ. ಭೀಮ ಮತ್ತು ಹಿಡಿಂಬ ಒಬ್ಬರ ಮೇಲೊಬ್ಬರು ಬಂಡೆ ಎತ್ತಿ ಎಸೆದಾಡಿದರು, ಬೆಟ್ಟದ ತುಂಬ ಬಿದ್ದಿರುವುದು ಅವೇ ಬಂಡೆಗಳು; ಮುಗಿಯಿತು. ದುರ್ಗದ ಬೆಟ್ಟ ನೋಡಿದವರಿಗೆ ಈ ಕತೆ ಎಷ್ಟು ಸಲೀಸಾಗಿ ಒಳಗಿಳಿಯುತ್ತದೆ ಎಂದು ಹೇಳಬೇಕಾಗಿಲ್ಲ. ಮನೆಗಾತ್ರದ ಗುಂಡು ಅಂಗೈಯಗಲದ ಆಸರೆಯ ಮೇಲೆ ಕೂತಿರುತ್ತದೆ. ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತ ಕಲ್ಲುಗಳ ಸಂದಿಯಲ್ಲಿ ಆಕಾಶ ಕಾಣುತ್ತದೆ. ಯಾರೋ ಎತ್ತಿ ಇಟ್ಟಿರಲೇಬೇಕು ಎಂದು ಕಣ್ಣೇ ಹೇಳುತ್ತದೆ. ಆ ಅಜ್ಜಿಯರಿಗೆ ಬೆಟ್ಟ ಸಾಕ್ಷಿಯಾಗಿರಲಿಲ್ಲ, ರಂಗಸ್ಥಳವಾಗಿತ್ತು. ಅವರಾದರೂ ನಂಬಿದ್ದರೇ? ಅರ್ಧ ನಂಬಿದ್ದರು. ಹೇಳುವಾಗ ನಂಬುತ್ತಿದ್ದರು, ಒಲೆಯ ಮೇಲಿನ ಮುದ್ದೆ ಎಸರು ಉಕ್ಕಿದಾಗ ಮರೆಯುತ್ತಿದ್ದರು. ಪಶ್ಚಿಮದ ಮನೆಗಳಲ್ಲಿ ಕ್ರಿಸ್‌ಮಸ್ ತಾತನ ಹೆಸರಿನಲ್ಲಿ ಅಪ್ಪ ಅಮ್ಮ ಸೇರಿ ಉಡುಗೊರೆ ಬಚ್ಚಿಟ್ಟು ನಾಟಕ ಆಡುತ್ತಾರೆ. ಗುಟ್ಟು ರಟ್ಟಾದ ದಿನ ಯಾರ ಮೇಲೆ ಮುನಿಸಿಕೊಳ್ಳಬೇಕೆಂದು ಮಗುವಿಗೆ ಗೊತ್ತಿರುತ್ತದೆ. ನಮ್ಮ ಹಿಡಿಂಬನ ವಿಷಯದಲ್ಲಿ ಹಾಗೆ ಹಿಡಿದು ಕೇಳುವುದಕ್ಕೆ ಒಬ್ಬರೂ ಸಿಗುವುದಿಲ್ಲ. ಆದ್ದರಿಂದಲೇ ಬಂಡೆಯ ಹಿಡಿಂಬ ದೊಡ್ಡವರಾದ ಮೇಲೂ ಒಂದಿಷ್ಟು ಉಳಿದುಕೊಂಡ. ಹಲ್ಲಿನ ಹಿಡಿಂಬ ಉಳಿಯಲಿಲ್ಲ.

ಮೂಳೆ ತೋರಿಸುವ ಚಾಳಿ ನಮ್ಮದೊಂದೇ ಅಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಪೋಲೆಂಡಿನ ಕ್ರಾಕೋವ್‌ನಲ್ಲಿ ವಾವೆಲ್ ಚರ್ಚಿನ ಬಾಗಿಲ ಬಳಿ ಡ್ರಾಗನ್ನಿನದು ಎಂದು ಹೆಸರಾದ ಭಾರಿ ಮೂಳೆಗಳನ್ನು ಸರಪಳಿಯಲ್ಲಿ ತೂಗುಹಾಕಿದ್ದಾರೆ. ನಮ್ಮಲ್ಲೇ ಕೈವಾರದವರು ಬಕಾಸುರನನ್ನು ತಮ್ಮವನನ್ನಾಗಿ ಮಾಡಿಕೊಂಡಿದ್ದಾರೆ. ಅತ್ತ ಹಿಮಾಚಲದ ಮನಾಲಿಯಲ್ಲಿ ಹಿಡಿಂಬೆಗೇ ದೇವಸ್ಥಾನವಿದೆ. ಅಣ್ಣ ದುರ್ಗದಲ್ಲಿ, ತಂಗಿ ಮನಾಲಿಯಲ್ಲಿ ಎಂದು ಭೂಪಟ ಬಿಡಿಸಲು ಹೋದರೆ ಭೀಮನ ಕಾಲು ನೋಯುತ್ತದೆ. ಊರೂರಿಗೂ ಒಬ್ಬ ರಾಕ್ಷಸ ಬೇಕು, ಇರಲಿ. ಅವನಿಗೆ ಆಧಾರ್ ಕಾರ್ಡು ಮಾಡಿಸಿಕೊಡುವುದು ಬೇಡ ಎನ್ನುವುದಷ್ಟೇ ನನ್ನ ವಾದ.

ಈ ಮಾತಿಗೆ ಬಯಲಾಟಕ್ಕಿಂತ ಒಳ್ಳೆಯ ಆಧಾರ ನನಗೆ ತೋಚುವುದಿಲ್ಲ. ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಆಟ ಕಟ್ಟಿದಾಗ ಭೀಮನ ವೇಷ ಹಾಕುವವನು ಊರಿಗೆಲ್ಲ ಗೊತ್ತಿದ್ದ ಆಸಾಮಿ. ಬೆಳಿಗ್ಗೆ ಚಡ್ಡಿಯ ಅಳತೆ ತೆಗೆದುಕೊಂಡ ಟೈಲರ್ ರಾತ್ರಿ ಕಿರೀಟ, ಭುಜಕೀರ್ತಿ, ಎದೆಹಾರ ಕಟ್ಟಿಕೊಂಡು ಅಟ್ಟದ ಮೇಲೆ ಕುಣಿಯುತ್ತಿದ್ದ. ಹಲಗೆ ಅದುರುತ್ತಿತ್ತು. ಅವನು ಯಾರೆಂದು ಎದುರಿಗೆ ಚಾಪೆ ಮೇಲೆ ಕೂತ ಒಂದೊಂದು ಮಗುವಿಗೂ ಗೊತ್ತಿತ್ತು. ಗದೆ ಎತ್ತಿದಾಗ ಅವೇ ಮಕ್ಕಳು ಅಮ್ಮನ ಸೆರಗಿನೊಳಗೆ ನುಗ್ಗುತ್ತಿದ್ದವು. ಗೊತ್ತಿರುವುದು ಮತ್ತು ನಂಬುವುದು ಒಂದೇ ಚಾಪೆಯ ಮೇಲೆ ಜಗಳವಿಲ್ಲದೆ ಕೂತಿರುತ್ತಿದ್ದವು. ಮಾರನೆಯ ದಿನ ಟೈಲರ್ ಅಂಗಡಿಯಲ್ಲಿ "ಅಣ್ಣ, ನಿನ್ನ ಗದೆ ಎಲ್ಲೈತೆ?" ಎಂದು ಕೇಳುವ ಹುಡುಗನಿಗೆ ಮೋಸ ಹೋದೆನೆಂಬ ಭಾವ ಇರಲಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಶಿವಸಂಚಾರದ ತಂಡ 1997ರಿಂದ ಊರೂರಿಗೆ ನಾಟಕ ಹೊತ್ತು ಹೋಗುತ್ತಿದೆ. ಅಲ್ಲಿನ ನವೆಂಬರ್ ನಾಟಕೋತ್ಸವದಲ್ಲಿ ಸಾವಿರಾರು ಜನರ ನಡುವೆ ಕೂತ ಮಕ್ಕಳನ್ನು ನೋಡಿದರೂ ಇದೇ ಕಾಣುತ್ತದೆ. ರಂಗದ ಮೇಲಿನ ರಾಜ ನಿಜವಾದ ರಾಜನೇ ಎಂದು ಯಾವ ಮಗುವೂ ರುಜುವಾತು ಕೇಳುವುದಿಲ್ಲ, ಏಕೆಂದರೆ ಯಾರೂ ಅದನ್ನು ಕೊಡಲು ಹೋಗಿಲ್ಲ.

ಬೆರಗಿನ ಪಾತ್ರಗಳ ಮಾತಾಯಿತು. ಹೆದರಿಸಲೆಂದೇ ಇಟ್ಟುಕೊಂಡ ಪಾತ್ರಗಳದು ಬೇರೆ ಕತೆ, ಅಲ್ಲಿ ನನ್ನ ಸಹನೆ ಕಡಿಮೆ. ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ ಎಂಬಲ್ಲಿಗೆ ನಿಂತಿದ್ದರೆ ತೊಂದರೆಯಿರಲಿಲ್ಲ. ಗುಮ್ಮನಿಗೆ ಮುಖವಿಲ್ಲ, ಜಾತಿಯಿಲ್ಲ, ಊರಿಲ್ಲ. ಆದರೆ ನಾವು ಅವನಿಗೆ ಮುಖ ಕೊಟ್ಟೆವು. ಬೆಳಗಿನ ಜಾವ ಬಣ್ಣದ ರುಮಾಲು, ಹೆಗಲ ಮೇಲೆ ಬಟ್ಟೆಗಳ ಹೊರೆಯೊಂದಿಗೆ ಹಾಲಕ್ಕಿ ನುಡಿಯಿತೆಂದು ಹೇಳುತ್ತ ಬರುವ ಬುಡಬುಡಿಕೆಯವನು, ಗಂಟೆ ಜಾಗಟೆ ಹಿಡಿದು ಕಣ್ಕಟ್ಟು ತೋರಿಸುವ ಸುಡುಗಾಡು ಸಿದ್ಧ, ಜೋಳಿಗೆಯ ಜೋಗಿ. "ಹಟ ಮಾಡಿದ್ರೆ ಜೋಳಿಗೆಗೆ ಹಾಕ್ಕೊಂಡು ಹೋಗ್ತಾನೆ ನೋಡು" ಎಂದು ತಾಯಂದಿರು ಹೇಳುತ್ತಿದ್ದಾಗ ಆ ಮನುಷ್ಯ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ, ಒಂದು ಮೊರ ರಾಗಿಗಾಗಿ. ಏಳೆಂಟು ವರ್ಷಕ್ಕೆಲ್ಲ ಆ ನಂಬಿಕೆ ಹೋಯಿತೆಂದು ನಾವು ಲೆಕ್ಕ ಹಿಡಿದೆವು. ಹೋಗಿರಲಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸಂದೇಶ ಹರಿದಾಡಿದಾಗ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬ ಗುಂಪಿನ ಕೈಗೆ ಸಿಕ್ಕಿ ಸತ್ತರು. ಅದೇ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಸತ್ತ ಐವರು ಭಿಕ್ಷೆಗೆ ಹೊರಟ ಅಲೆಮಾರಿ ಸಮುದಾಯದವರು. ಹೊಡೆದವರು ಮಕ್ಕಳಲ್ಲ. ಮೀಸೆ ಬಂದವರು, ಶಾಲೆಗೆ ಹೋಗಿ ಬಂದವರು, ಗುಮ್ಮನ ಮಾತೆತ್ತಿದರೆ ನಗುವವರು. ಬಾಲ್ಯದ ನಂಬಿಕೆ ಕಳಚುವುದನ್ನು ನಾವು ಬುದ್ಧಿ ಬಂದ ಲಕ್ಷಣವೆಂದು ಸುಲಭವಾಗಿ ಮೆಚ್ಚಿಕೊಳ್ಳುತ್ತೇವೆ. ಪಾತ್ರ ಕಳಚಿ ಭಯ ಉಳಿದರೆ ಏನಾಗುತ್ತದೆ ಎನ್ನುವುದಕ್ಕೆ ಆ ವರ್ಷ ಸಾಕು. ಮಗುವನ್ನು ಹೆದರಿಸಲು ಬದುಕಿರುವ ಮನುಷ್ಯರನ್ನು ಬಳಸುವುದು ಹಲ್ಲು ತೋರಿಸುವುದಕ್ಕಿಂತ ನೂರು ಪಟ್ಟು ಕೆಟ್ಟ ಕೆಲಸ.

ಮತ್ತೆ ಬೆಟ್ಟಕ್ಕೆ ಬರುತ್ತೇನೆ, ಏಕೆಂದರೆ ಹಲ್ಲಿನ ಪದ್ಧತಿ ಹಿಡಿಂಬೇಶ್ವರದಲ್ಲೇ ನಿಂತಿಲ್ಲ. ಅದೇ ಮಕ್ಕಳನ್ನು ಅದೇ ಗೈಡು ಅದೇ ದಿನ ಓಬವ್ವನ ಕಿಂಡಿಗೂ ಕರೆದೊಯ್ಯುತ್ತಾನೆ. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಕೂತಿದ್ದು, ಹೆಂಡತಿ ಓಬವ್ವ ತಣ್ಣೀರು ದೋಣಿಯಿಂದ ನೀರು ತರಲು ಹೋದದ್ದು, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದನ್ನು ಕಂಡು ಒನಕೆ ಹಿಡಿದು ನಿಂತದ್ದು. ಮುಖ್ಯವಾಗಿ ಜನರ ಬಾಯಲ್ಲಿ ಉಳಿದು ಬಂದ ಕತೆ ಇದು. 1972ರ ನಾಗರಹಾವು ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ಜಯಂತಿಯವರ ಮೂಲಕ ಅದಕ್ಕೊಂದು ಮುಖ ಕೊಟ್ಟ ಮೇಲೆ ನಾಡಿನ ಕಣ್ಣಲ್ಲಿ ಓಬವ್ವನಿಗೆ ಬೇರೆ ಮುಖವೇ ಇಲ್ಲ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿ ಆಚರಿಸುತ್ತಿದೆ. ನನ್ನ ಅಳಲು ಕಿಂಡಿಯ ಮುಂದೆ ನಡೆಯುವ ಲೆಕ್ಕದ ಬಗ್ಗೆ. ಸತ್ತವರ ಸಂಖ್ಯೆ ಒಬ್ಬ ಗೈಡಿಗೆ ನೂರಾದರೆ ಇನ್ನೊಬ್ಬನಿಗೆ ಐನೂರು; ಗುಂಪು ಉತ್ಸಾಹದಲ್ಲಿದ್ದರೆ ಇನ್ನೂ ಏರುತ್ತದೆ. ಬೆಳಿಗ್ಗೆ ಹಲ್ಲಿನ ಮುಂದೆ ಲೆಕ್ಕ ಹಾಕಲು ಕಲಿತ ಹುಡುಗಿ ಇಲ್ಲೂ ಹಾಕುತ್ತಾಳೆ: ಒಂದು ಊಟದ ಹೊತ್ತು, ಒಂದು ಒನಕೆ, ಇಷ್ಟು ಹೆಣ. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಹಿಡಿಂಬನನ್ನು ಇಟ್ಟ ಅಟ್ಟದಲ್ಲೇ ಓಬವ್ವನನ್ನೂ ಇಟ್ಟುಬಿಡುತ್ತಾಳೆ. ಎರಡನ್ನೂ ಒಂದೇ ದನಿಯಲ್ಲಿ, ಒಂದೇ ಬಗೆಯ ರುಜುವಾತಿನೊಂದಿಗೆ ಕೇಳಿದವಳಿಗೆ ಎರಡರ ನಡುವೆ ಗೆರೆ ಎಳೆಯುವುದು ಹೇಗೆ ಸಾಧ್ಯ?

ಈ ನಷ್ಟವೇ ನನಗೆ ದೊಡ್ಡದಾಗಿ ಕಾಣುವುದು. ಕಾವಲುಗಾರನ ಹೆಂಡತಿಯೊಬ್ಬಳು, ಅರಮನೆಯವಳಲ್ಲ, ಪಾಳೆಯಗಾರರ ಮನೆಯವಳಲ್ಲ, ಮನೆಯಲ್ಲಿ ಕೈಗೆ ಸಿಕ್ಕಿದ ವಸ್ತುವಿನಿಂದ ಕೋಟೆ ಕಾಯ್ದಳು ಎಂದು ಎರಡು ನೂರು ವರ್ಷ ಒಂದು ಸೀಮೆ ನೆನಪಿಟ್ಟುಕೊಂಡಿದೆ. ಆ ನೆನಪಿಗೇ ತೂಕವಿದೆ, ಅದಕ್ಕೆ ಹೆಣದ ಲೆಕ್ಕದ ಊರುಗೋಲು ಬೇಡ. ತ.ರಾ.ಸು. ಇದನ್ನು ಅರಿತಿದ್ದರು. ಕಂಬನಿಯ ಕುಯಿಲಿನಿಂದ ದುರ್ಗಾಸ್ತಮಾನದವರೆಗೆ ಅವರು ಈ ಕೋಟೆಯ ಬಗ್ಗೆ ಬರೆದದ್ದನ್ನೆಲ್ಲ ಕಾದಂಬರಿ ಎಂದೇ ಓದುಗರ ಕೈಗಿಟ್ಟರು. ದುರ್ಗಾಸ್ತಮಾನಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1779ರಲ್ಲಿ ಕೋಟೆ ಬಿತ್ತೆಂದು ಮೊದಲೇ ತಿಳಿದ ಓದುಗನೂ ಪಾಳೆಯಗಾರ ಮದಕರಿ ಗೆಲ್ಲಲಿ ಎಂದು ಕೊನೆಯ ಪುಟಗಳವರೆಗೆ ಹಾರೈಸುತ್ತಾನೆ. ಬಯಲಾಟದ ಚಾಪೆಯ ಮೇಲೆ ಕೂತ ಮಗುವಿನ ಸ್ಥಿತಿಯೇ ಅದು.

ಹಾಗಾದರೆ ಮಕ್ಕಳಿಗೆ ಕಣ್ಣಿಗೆ ಕಾಣುವ ವಸ್ತುವನ್ನು ತೋರಿಸಲೇಬಾರದೇ? ತೋರಿಸಬೇಕು, ಪ್ರಶ್ನೆಗಳನ್ನು ತಾಳಿಕೊಳ್ಳುವ ವಸ್ತುವನ್ನು. ಜ್ಯೋತಿರಾಜ್, ಎಲ್ಲರ ಬಾಯಲ್ಲಿ ಕೋತಿರಾಜ್, ಹಗ್ಗವಿಲ್ಲದೆ ಬರಿಗೈಯಲ್ಲಿ ಕೋಟೆಯ ಗೋಡೆ ಹತ್ತುವುದನ್ನು ನೋಡಿದ ಮಕ್ಕಳ ಪ್ರಶ್ನೆಗಳನ್ನು ಕೇಳಬೇಕು: ಬೆರಳು ಎಲ್ಲಿಡುತ್ತಾರೆ, ಕೈಗೆ ಏನು ಹಚ್ಚಿಕೊಳ್ಳುತ್ತಾರೆ, ಜಾರಿದರೆ? ಪ್ರಶ್ನೆ ಹೆಚ್ಚಿದಷ್ಟೂ ಅಲ್ಲಿ ಬೆರಗು ಹೆಚ್ಚುತ್ತದೆ. ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ನೆಲ ಅಗೆಸಿದರು. ಶಾತವಾಹನರ ಸೀಸದ ನಾಣ್ಯಗಳಿರುವ ಆ ನೆಲದಲ್ಲೇ ರೋಮಿನ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ರೋಮಿನ ದುಡ್ಡು ದುರ್ಗಕ್ಕೆ ಹೇಗೆ ಬಂತು ಎಂದು ಮಗು ಕೇಳಿದರೆ ಗದರುವ ಅಗತ್ಯವಿಲ್ಲ, ಉತ್ತರವಿದೆ, ಉತ್ತರದ ಹಿಂದೆ ಹಡಗುಗಳಿವೆ. ಪ್ರವಾಸದ ಪಟ್ಟಿಯಲ್ಲಿ ಚಂದ್ರವಳ್ಳಿಗೆ ಸಿಗುವುದು ಮಾತ್ರ ಬುತ್ತಿ ಬಿಚ್ಚುವ ಹೊತ್ತು.

ಇನ್ನು ಬಂಡೆಗಳು. ಅಜ್ಜಿಯರ ಹಿಡಿಂಬ ಎಸೆದ ಕಲ್ಲುಗಳ ವಯಸ್ಸು ಸುಮಾರು 260 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಈ ಲೆಕ್ಕವನ್ನು ಹುಡುಗಿ ಎಷ್ಟು ಬೇಕಾದರೂ ಕೆದಕಲಿ. ಹಿರಿಯೂರು ದಾರಿಯಲ್ಲಿ ಐಮಂಗಲದ ಹತ್ತಿರ ಮರಡಿಹಳ್ಳಿ ಇದೆ. ಅಲ್ಲಿ ದಿಂಬುಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟಂತೆ ಕಾಣುವ ಕಲ್ಲುಗಳಿವೆ. ಕುದಿಯುವ ಲಾವಾ ನೀರಿನ ಅಡಿಯಲ್ಲಿ ಉಕ್ಕಿ, ತಟ್ಟನೆ ತಣಿದರೆ ಮಾತ್ರ ಆ ಆಕಾರ ಬರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಕೊಳವೆಬಾವಿ ಸಾವಿರ ಅಡಿ ಕೊರೆಸಿದರೂ ಧೂಳು ಹಾರುವ ಸೀಮೆಯಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು ಎಂದು ಹೇಳುವ ಕಲ್ಲು ಅದು. ಹಿರಿಯೂರಿನಿಂದ ಕೋಟೆ ನೋಡಲು ಬರುವ ಶಾಲೆಯ ಬಸ್ಸುಗಳೆಲ್ಲ ಐಮಂಗಲ ದಾಟಿಯೇ ಬರುತ್ತವೆ. ಮರಡಿಹಳ್ಳಿಯ ಕಡೆ ತಿರುಗಿದ್ದೊಂದನ್ನೂ ನಾನು ನೋಡಿಲ್ಲ.