ಮಧ್ಯಪದದ ಹುಸಿ ಕೀರ್ತಿ

ಹತ್ತನೇ ತರಗತಿಯ ವರ್ಗಸಮೀಕರಣ ಎಂದೊಡನೆ ಶಾಲೆ, ಟ್ಯೂಷನ್, ಗೈಡು ಎಲ್ಲವೂ ಮೊದಲು ಹಿಡಿಯುವ ದಾರಿ ಮಧ್ಯಪದ ಒಡೆಯುವುದು. ಬೇಗ ಮುಗಿಯುತ್ತದೆ, ಅಂಕ ಖಚಿತ. ಆದರೆ ಈ ವಿಧಾನಕ್ಕೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ಬಹಳ ಹೆಚ್ಚು.

ಒಂದು ಸಂಖ್ಯೆಯ ವರ್ಗ, ಅದರ ಆರು ಪಟ್ಟು, ಜೊತೆಗೆ 5; ಮೂರನ್ನೂ ಕೂಡಿದರೆ ಸೊನ್ನೆ. ಗುಣಿಸಿದರೆ 5, ಕೂಡಿದರೆ 6 ಆಗುವ ಜೋಡಿ 5 ಮತ್ತು 1. ಮೂಲಗಳು −1, −5. ಈಗ ಆ 5ನ್ನು ಅಳಿಸಿ 4 ಬರೆಯಿರಿ. ಗುಣಲಬ್ಧ 4, ಮೊತ್ತ 6 ಆಗುವ ಪೂರ್ಣಾಂಕಗಳ ಜೋಡಿಯೇ ಇಲ್ಲ. ಒಂದು ಅಂಕಿ ಬದಲಾಯಿತು, ವಿಧಾನ ಕೈಚೆಲ್ಲಿತು. ಮೂಲಗಳೇನೋ ಇವೆ: −3ಕ್ಕೆ 5ರ ವರ್ಗಮೂಲವನ್ನು ಕೂಡಿಸಿದರೆ ಒಂದು, ಕಳೆದರೆ ಇನ್ನೊಂದು. ಜೋಡಿ ಹುಡುಕುವುದನ್ನಷ್ಟೇ ಕಲಿತ ಹುಡುಗಿ ಮಾತ್ರ ಪ್ರಶ್ನೆಯೇ ತಪ್ಪೆಂದುಕೊಂಡು ಮುಂದಕ್ಕೆ ಹೋಗುತ್ತಾಳೆ. ಪುಸ್ತಕದಲ್ಲಿ ಈ ವಿಧಾನ ಸದಾ ಗೆಲ್ಲುತ್ತದೆ, ಏಕೆಂದರೆ ಅಲ್ಲಿನ ಲೆಕ್ಕಗಳು ಉತ್ತರವನ್ನು ಮೊದಲೇ ಇಟ್ಟುಕೊಂಡು ಹಿಂದಕ್ಕೆ ಹೆಣೆದವು.

ಇದರ ಪಕ್ಕದಲ್ಲಿ ವರ್ಗ ಪೂರ್ಣಗೊಳಿಸುವ ವಿಧಾನವನ್ನು ಇಟ್ಟು ನೋಡಬೇಕು. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಬಿಡಿಸಿದ ಲೆಕ್ಕ ಇದು: ಒಂದು ಸಂಖ್ಯೆಯ ವರ್ಗಕ್ಕೆ ಅದರ ಹತ್ತು ಪಟ್ಟು ಸೇರಿಸಿದರೆ 39. ಬಾಹು ಗೊತ್ತಿಲ್ಲದ ಒಂದು ಚೌಕ ಬರೆಯಿರಿ. ಹತ್ತು ಪಟ್ಟನ್ನು 5 ಅಗಲದ ಎರಡು ಆಯತಗಳಾಗಿ ಮಾಡಿ ಚೌಕದ ಎರಡು ಬದಿಗೆ ಅಂಟಿಸಿ. ಮೂರರ ಒಟ್ಟು ವಿಸ್ತೀರ್ಣ 39. ಮೂಲೆಯಲ್ಲಿ ಐದಕ್ಕೈದರ ಜಾಗ ಖಾಲಿ ಉಳಿಯುತ್ತದೆ; 25 ತುಂಬಿದರೆ 64. ದೊಡ್ಡ ಚೌಕದ ಬಾಹು 8, ನಮಗೆ ಬೇಕಾದದ್ದು 3. 25 ಎಲ್ಲಿಂದ ಬಂತೆಂದು ಮಗು ಕೇಳುವ ಮೊದಲೇ ಅದು ಕಣ್ಣಿಗೆ ಕಂಡಿರುತ್ತದೆ. ಬೀಜಗಣಿತ, ರೇಖಾಗಣಿತ ಬೇರೆ ಬೇರೆ ಅಧ್ಯಾಯಗಳೆಂಬ ಭಾವನೆ ಈ ಒಂದು ಚಿತ್ರದ ಮುಂದೆ ನಿಲ್ಲುವುದಿಲ್ಲ. ಚಿತ್ರಕ್ಕೂ ಮಿತಿಯಿದೆ, ಒಪ್ಪೋಣ: −13 ಎಂಬ ಇನ್ನೊಂದು ಮೂಲ ಅದರಲ್ಲಿ ಕಾಣದು. 64ಕ್ಕೆ −8 ಕೂಡ ವರ್ಗಮೂಲವೆಂದು ನೆನಪಿಸಿದರೆ ಅದೂ ಸಿಗುತ್ತದೆ.

2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸುವಾಗ ಹತ್ತನೇ ತರಗತಿಯಿಂದ ಕೈಬಿಟ್ಟದ್ದು ಇದೇ ವಿಧಾನವನ್ನು. ಮಧ್ಯಪದ ಉಳಿಯಿತು, ವರ್ಗಸಮೀಕರಣದ ಸೂತ್ರವೂ ಉಳಿಯಿತು. ಸೂತ್ರ ಹುಟ್ಟಿದ ಜಾಗ ಹೋಯಿತು. ಇದನ್ನು ಸಮರ್ಥಿಸುವವರು ಮಕ್ಕಳ ಆಯಾಸದ ಮಾತಾಡುತ್ತಾರೆ. ಕಾರಣ ತಿಳಿಯದ ಸೂತ್ರವನ್ನು ಉರುಹೊಡೆಯುವುದಕ್ಕಿಂತ ದೊಡ್ಡ ಆಯಾಸ ಯಾವುದಿದೆ?

ಇನ್ನು ನಮ್ಮ ಪರಂಪರೆಯ ಹೆಸರಿನಲ್ಲಿ ‘ವೇದಗಣಿತ’ದ ಚುಟುಕು ಉಪಾಯಗಳನ್ನು ಶಾಲೆಗೆ ತರಬೇಕೆನ್ನುವವರು. ಭಾರತೀ ಕೃಷ್ಣ ತೀರ್ಥರ ಆ ಪುಸ್ತಕ ಅಚ್ಚಾದದ್ದು 1965ರಲ್ಲಿ. ಅದರ ಸೂತ್ರಗಳಿಗೆ ವೇದದಲ್ಲಿ ಆಧಾರವಿಲ್ಲವೆಂದು ಗಣಿತಜ್ಞ ಎಸ್. ಜಿ. ದಾನಿ ಬಹಳ ಹಿಂದೆಯೇ ವಾದಿಸಿದ್ದಾರೆ. ನಿಜವಾದ ಪರಂಪರೆ ಬೇಕಿದ್ದರೆ ಶ್ರೀಧರಾಚಾರ್ಯನಿದ್ದಾನೆ. ಅವನ ಬೀಜಗಣಿತದ ಗ್ರಂಥ ಕಳೆದುಹೋಗಿದೆ. ವರ್ಗಸಮೀಕರಣ ಬಿಡಿಸುವ ಅವನ ನಿಯಮ ಮಾತ್ರ ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯನ ‘ಬೀಜಗಣಿತ’ದಲ್ಲಿ ಉಳಿದಿದೆ. ವರ್ಗದ ಸಹಗುಣಕದ ನಾಲ್ಕು ಪಟ್ಟಿನಿಂದ ಎರಡೂ ಬದಿಯನ್ನು ಗುಣಿಸು, ಅವ್ಯಕ್ತದ ಮೂಲ ಸಹಗುಣಕದ ವರ್ಗವನ್ನು ಎರಡೂ ಬದಿಗೆ ಕೂಡಿಸು, ವರ್ಗಮೂಲ ತೆಗೆ.

ಮಾಡಿ ನೋಡಿ. ವರ್ಗದ ಮೂರು ಪಟ್ಟಿಗೆ ಸಂಖ್ಯೆಯ ಐದು ಪಟ್ಟು ಕೂಡಿದರೆ 2. ಹನ್ನೆರಡರಿಂದ ಗುಣಿಸಿದರೆ ವರ್ಗದ 36 ಪಟ್ಟು, ಸಂಖ್ಯೆಯ 60 ಪಟ್ಟು, ಬಲಕ್ಕೆ 24. ಎರಡೂ ಬದಿಗೆ 25 ಕೂಡಿಸಿದರೆ ಎಡಕ್ಕೆ ‘ಆರು ಪಟ್ಟು ಮತ್ತು ಐದು’ ಇದರ ಪೂರ್ಣವರ್ಗ, ಬಲಕ್ಕೆ 49. ವರ್ಗಮೂಲ 7 ಅಥವಾ −7. ಉತ್ತರ 1/3 ಅಥವಾ −2. ಕೊನೆಯ ಹೆಜ್ಜೆಯವರೆಗೆ ಭಿನ್ನರಾಶಿಯ ಸುಳಿವಿಲ್ಲ. ಅಂಕಿಗಳ ಜಾಗದಲ್ಲಿ ಅಕ್ಷರ ಇಟ್ಟರೆ ಸೂತ್ರದ ಸಾಧನೆಯೂ ಇದೇ ಸಾಲುಗಳಲ್ಲಿ ಮುಗಿಯಿತು. ಇದು ಮಕ್ಕಳಿಗೆ ಭಾರವೆನ್ನುವವರು ಇವುಗಳಲ್ಲಿ ಯಾವ ಸಾಲು ಭಾರವೆಂದು ತೋರಿಸಲಿ.