ಒತ್ತದ ಬೆರಳು

ಹನೂರು ತಾಲೂಕಿನ ಬಂಡಳ್ಳಿ. ಸಂಜೆಯಾದ ಮೇಲೆ ಬಸ್ಸು ನಿಲ್ಲುವ ಕಡೆ ಕಟ್ಟೆಯ ಮೇಲೆ ಹತ್ತು ಹುಡುಗರು ಕೂತಿದ್ದರೆ ಹತ್ತು ಕೈಯಲ್ಲೂ ಬೆಳಕು. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಇದನ್ನು ಕಂಡ ನಮ್ಮ ಸಂಘಟನೆಯ ಹಿರಿಯರು, ಮೇಷ್ಟ್ರುಗಳು, ‘ಈ ಪೀಳಿಗೆ ಕೆಟ್ಟಿತು, ಇವಕ್ಕೆ ರಾಜಕೀಯ ಬೇಡ, ರೀಲು ಸಾಕು’ ಎಂದು ತೀರ್ಪು ಕೊಟ್ಟು ಟೀ ಲೋಟ ಕೆಳಗಿಟ್ಟು ಎದ್ದುಹೋಗುತ್ತಾರೆ. ನಾನೂ ಹೀಗೆ ಹೇಳಿದವನೇ. ಈಗ ಆ ಮಾತು ವಾಪಸ್ಸು ತೆಗೆದುಕೊಳ್ಳಬೇಕಾಗಿ ಬಂದಿದೆ.

ಕೊಳ್ಳೇಗಾಲದಲ್ಲಿ ಡಿಗ್ರಿ ಓದುವ ಹುಡುಗನೊಬ್ಬನನ್ನು ಕೇಳಿದೆ. ಅವನೆಂದ: ‘ನೋಡ್ತೀವಿ ಕನಣ್ಣ, ಎಲ್ಲಾನೂವೆ ನೋಡ್ತೀವಿ. ಒತ್ತಕಿಲ್ಲ ಅಷ್ಟೆ. ಒತ್ತುದ್ರೆ ಯಾರು ಒತ್ತುದ್ರು ಅಂತ ಊರ್ಗೆಲ್ಲ ಗೊತ್ತಾಯ್ತದ.’

ಗೆಳೆಯರೆ, ಈ ಒಂದು ಮಾತಿನಲ್ಲಿ ಇರುವಷ್ಟು ಸಮಾಜಶಾಸ್ತ್ರ ನಮ್ಮ ವಿಚಾರಸಂಕಿರಣಗಳಲ್ಲಿ ಇಲ್ಲ. ಪಟ್ಟಣದ ಓದುಬಲ್ಲವನಿಗೆ ಲೈಕು ಅಂದರೆ ಒಂದು ಅಭಿರುಚಿ. ಕೇರಿಯ ಹುಡುಗನಿಗೆ ಅದು ಸಾಕ್ಷಿ ಹೇಳಿದ ಹಾಗೆ. ಒತ್ತಿದ ಬೆರಳಿಗೆ ಹೆಸರಿದೆ, ಹೆಸರಿಗೆ ಬೀದಿಯಿದೆ, ಬೀದಿಗೆ ಜಾತಿಯಿದೆ. ನಾಳೆ ಕೂಲಿಗೆ ಕರೆಯುವವನೂ ಅದೇ ಫೋನು ನೋಡುತ್ತಾನೆ. 2015ರಲ್ಲಿ ಶಿರಡಿಯಲ್ಲಿ, ಫೋನಿನಲ್ಲಿ ಬಾಬಾಸಾಹೇಬರ ಹಾಡಿನ ರಿಂಗ್‌ಟೋನ್ ಇಟ್ಟುಕೊಂಡ ನರ್ಸಿಂಗ್ ವಿದ್ಯಾರ್ಥಿಯನ್ನು ಕೊಂದರು. ಬರೀ ರಿಂಗ್‌ಟೋನಿಗೆ! ಇದು ನಮ್ಮ ಹುಡುಗರಿಗೆ ಗೊತ್ತು. ಹಾಗಾಗಿ ಅವರು ವಾಟ್ಸಪ್ಪಿನಲ್ಲಿ ನೀಲಿ ಟಿಕ್ಕನ್ನು ಆರಿಸಿ ಇಟ್ಟಿದ್ದಾರೆ. ಹಾಗೆ ಮಾಡಿದರೆ ಇನ್ನೊಬ್ಬರ ಸ್ಟೇಟಸ್ ನೋಡಿದ್ದು ಅವರಿಗೆ ತಿಳಿಯುವುದಿಲ್ಲ. (ನಮ್ಮ ಬಣ್ಣವೇ ನೀಲಿ, ಅದನ್ನು ಆರಿಸಿದರೇ ನಮಗೆ ನೆಮ್ಮದಿ!) ಹೋಟೆಲಿನ ಹೊರಗೆ ಕುಕ್ಕರಗಾಲಲ್ಲಿ ಕೂತು ಒಳಗಿನ ರೇಡಿಯೋಕ್ಕೆ ಕಿವಿ ಕೊಟ್ಟು ಕೇಳಿ, ಏನೂ ಕೇಳದವನಂತೆ ಎದ್ದು ಬರುತ್ತಿದ್ದ ಅಪ್ಪಂದಿರ ಮಕ್ಕಳು ಇವರು. ಇದನ್ನು ನಿರ್ಲಿಪ್ತತೆ ಅನ್ನುವವರಿಗೆ ಕೇರಿ ಗೊತ್ತಿಲ್ಲ.

ಹೆಣ್ಣುಮಕ್ಕಳ ಮಾತು ಇನ್ನೂ ಬೇರೆ. ಅಣ್ಣನ ಫೋನಿನಲ್ಲಿ, ಅಣ್ಣ ಇಲ್ಲದ ಹೊತ್ತಿನಲ್ಲಿ ನೋಡಬೇಕು. ಸ್ವಂತ ಫೋನಿದ್ದರೂ ತನ್ನ ಮುಖದ ಬದಲು ಗುಲಾಬಿ ಹೂವಿನ ಚಿತ್ರ ಇಡಬೇಕು.

ಭಯವೊಂದೇ ಕಾರಣ ಎಂದರೆ ಅರ್ಧ ಹೇಳಿದ ಹಾಗೆ. ಮೋಸ ಹೋದ ನೆನಪೂ ಇದೆ. 2018ರಲ್ಲಿ ಪಕ್ಕದ ಕೊಳ್ಳೇಗಾಲ ಕ್ಷೇತ್ರದಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಗೆದ್ದು ಮಂತ್ರಿಯಾದಾಗ ಈ ಸೀಮೆಯ ಕೇರಿಗಳ ಫೋನುಗಳಲ್ಲೆಲ್ಲ ಆನೆ ಓಡಾಡಿತು. 2019ರ ವಿಶ್ವಾಸಮತಕ್ಕೆ ಹೋಗಲಿಲ್ಲವೆಂದು ಪಕ್ಷ ಅವರನ್ನು ಉಚ್ಚಾಟಿಸಿತು, 2021ರಲ್ಲಿ ಅವರು ಬಿಜೆಪಿ ಸೇರಿದರು, 2023ರಲ್ಲಿ ಸೋತರು. ಸರಿತಪ್ಪುಗಳ ವಾದ ಇಲ್ಲಿ ಬೇಡ. ಆದರೆ ಅಂದು ಹಗಲೂರಾತ್ರಿ ಸ್ಟೇಟಸ್ ಹಾಕಿ ಊರವರ ಕಣ್ಣಿಗೆ ಬಿದ್ದ ಹುಡುಗ ಆಮೇಲೆ ಯಾರ ಪರವಾಗಿ ಬೆರಳೆತ್ತಬೇಕು?

ಈಗ ನೋಡುವ ಸರಕಿನ ವಿಮರ್ಶೆಗೆ ಬರೋಣ. ರೀಲನ್ನು ಒಂದು ಪಠ್ಯ ಎಂದೇ ತಿಳಿಯೋಣ. ಯಾರೋ ಹೇಳಿದ ಮಾತಿನ ಒಂದು ತುಂಡು, ಹಿಂದೆ ಸಿನಿಮಾದ ಸಂಗೀತ, ನಿಧಾನಗತಿಯಲ್ಲಿ ನಡೆಯುವ ಕಾಲು, ಮೇಲೆ ಕೆಂಪಕ್ಷರ. ಮೂವತ್ತು ಸೆಕೆಂಡಿನಲ್ಲಿ ಸಿಟ್ಟು ಬರಬೇಕು, ಯಾಕೆ ಎಂದು ಕೇಳುವ ಮುಂಚೆ ಮುಂದಿನದು ಬರಬೇಕು. ಬಲಪಂಥದವರ ರೀಲೂ ಹೀಗೇ ಇದೆ, ನಮ್ಮವರ ‘ಜೈ ಭೀಮ್’ ರೀಲೂ ಹೀಗೇ ಇದೆ. ಸಿನಿಮಾ ಹೀರೋನ ಹಾಗೆ ಹೊಗೆಯ ನಡುವೆ ನಡೆದು ಬರುವ ಅಂಬೇಡ್ಕರ್ ನನಗೆ ಇರುಸುಮುರುಸು. ಆದರೆ ತಲೆಯೆತ್ತಿ ನಡೆಯುವ ತನ್ನವನೊಬ್ಬನನ್ನು ಕಂಡು ಹುಡುಗನ ಬೆನ್ನು ನೆಟ್ಟಗಾಗುವುದನ್ನೂ ಕಂಡಿದ್ದೇನೆ. ಅದನ್ನು ಕಿತ್ತುಕೊಳ್ಳಲು ನಾನು ಯಾರು?

ತುಂಡು ಮಾತಿನ ಕಷ್ಟ ನಮಗೆ ಹೊಸದಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಆಡಿದ ಭಾಷಣದಿಂದ ‘ಬೂಸಾ’ ಎಂಬ ಒಂದೇ ಪದವನ್ನು ಕಿತ್ತು ನಾಡಿನ ತುಂಬ ಎರಚಿದಾಗ ಯಾರ ಕೈಯಲ್ಲೂ ಫೋನು ಇರಲಿಲ್ಲ. ಪತ್ರಿಕೆ ಇತ್ತು, ಗುಲ್ಲು ಇತ್ತು. ದಲಿತ ವಿದ್ಯಾರ್ಥಿಗಳು ಏಟು ತಿಂದರು. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಆ ಪೆಟ್ಟಿನಿಂದಲೇ ವಿದ್ಯಾರ್ಥಿಗಳು, ಬರಹಗಾರರು ಒಟ್ಟಾದರು. ‘ಪಂಚಮ’ ಬಂತು, ದಲಿತ ಸಂಘರ್ಷ ಸಮಿತಿ ಬಂತು. ತುಂಡು ಪದಕ್ಕೆ ಇನ್ನೊಂದು ತುಂಡು ಪದವನ್ನು ಎಸೆದು ಅವರು ಸುಮ್ಮನಾಗಲಿಲ್ಲ. ಇಡೀ ಮಾತನ್ನು ಮುಂದಿಟ್ಟು ವಾದಕ್ಕೆ ಕೂತರು.

2024ರ ಡಿಸೆಂಬರ್ 17ರಂದು ರಾಜ್ಯಸಭೆಯಲ್ಲಿ ಅಮಿತ್ ಶಾ, ಅಂಬೇಡ್ಕರ್ ಹೆಸರು ಹೇಳುವುದು ಫ್ಯಾಷನ್ ಆಗಿದೆ, ದೇವರ ಹೆಸರನ್ನು ಅಷ್ಟು ಸಲ ಹೇಳಿದ್ದರೆ ಏಳು ಜನ್ಮಕ್ಕಾಗುವಷ್ಟು ಸ್ವರ್ಗ ಸಿಗುತ್ತಿತ್ತು ಎಂಬರ್ಥದ ಮಾತಾಡಿದರು. ಆ ಕೆಲವು ಸೆಕೆಂಡು ಎಲ್ಲ ಫೋನಿಗೂ ಬಂತು. ಕತ್ತರಿಸಿ ಹಂಚಿದ್ದಾರೆ ಎಂದು ಬಿಜೆಪಿ, ಅವಮಾನ ಎಂದು ಕಾಂಗ್ರೆಸ್. ನಾನು ಮುಂದಿನ ಮಾತನ್ನೂ ಕೇಳಿದೆ. ಕೇಳಿದ ಮೇಲೂ ಆ ಧಾಟಿಯಲ್ಲಿದ್ದ ತಾತ್ಸಾರ ನನಗೆ ಕರಗಲಿಲ್ಲ. ಆದರೆ ಅದೇ ಭಾಷಣದಲ್ಲಿ ಅವರು ಬಾಬಾಸಾಹೇಬರು 1951ರಲ್ಲಿ ನೆಹರೂ ಸಂಪುಟಕ್ಕೆ ಕೊಟ್ಟ ರಾಜೀನಾಮೆಯನ್ನು ಎತ್ತಿದರು. ತಮಾಷೆ ಇರುವುದು ಇಲ್ಲಿ. ಆ ರಾಜೀನಾಮೆಯ ಹೇಳಿಕೆಯಲ್ಲಿ ಪರಿಶಿಷ್ಟರನ್ನು ಕಡೆಗಣಿಸಿದ ಸರ್ಕಾರದ ಮೇಲೆ ಆರೋಪವಿದೆ. ಅದು ಕಾಂಗ್ರೆಸ್ಸಿಗೆ ಬೇಡ. ಹಿಂದೂ ಸಂಹಿತೆ ಮಸೂದೆಯನ್ನು ಕೊಂದ ಸಂಕಟವೂ ಇದೆ. ಆ ಮಸೂದೆಯನ್ನು ವಿರೋಧಿಸಿ ಬೀದಿಗಿಳಿದವರ ವಾರಸುದಾರರಿಗೆ ಅದು ಬೇಡ. ಇಬ್ಬರೂ ತುಂಡು ಹಂಚಿದರು. ಹೇಳಿಕೆಯನ್ನು ಹುಡುಗನ ಕೈಗೆ ಯಾರೂ ಕೊಡಲಿಲ್ಲ. ನಾವೂ ಕೊಡಲಿಲ್ಲ. ನಾವು ಫೋಟೋ ಸುಟ್ಟು, ಸುಟ್ಟದ್ದರ ಫೋಟೋ ಹಾಕಿದೆವು.

ದೆಹಲಿ ಯಾಕೆ, ನಮ್ಮ ತಾಲೂಕನ್ನೇ ನೋಡಿ. 2024ರ ಏಪ್ರಿಲ್ 26ರಂದು ಮಹದೇಶ್ವರ ಬೆಟ್ಟದ ಹತ್ತಿರದ ಇಂಡಿಗನತ್ತದಲ್ಲಿ ಮತಗಟ್ಟೆ ಒಡೆದರು. ಒಡೆದ ಯಂತ್ರದ ವಿಡಿಯೋ ನಾಡೆಲ್ಲ ಸುತ್ತಿತು. ರಸ್ತೆ ಇಲ್ಲ, ನೀರಿಲ್ಲ, ಕರೆಂಟಿಲ್ಲ ಎಂದು ಮತ ಬಹಿಷ್ಕಾರ ಹಾಕಿದ ಊರು ಅದು ಎಂಬುದು ವಿಡಿಯೋದಲ್ಲಿ ಇರಲಿಲ್ಲ. ಅವತ್ತು ಮತ ಹಾಕಲು ಬಂದವರು ಅಷ್ಟೇ ಇಲ್ಲದ ಮೆಂದಾರೆಯ ಸೋಲಿಗರು ಎಂಬುದೂ ಇರಲಿಲ್ಲ. ಇಲ್ಲದವರು ಇಲ್ಲದವರ ಎದುರು ನಿಂತ ಆ ಗಳಿಗೆಯನ್ನು ಬಂಡಳ್ಳಿಯ ಹುಡುಗರು ‘ಒಡೆದ್ರು ಕನ್ಲಾ’ ಎಂದು ನೋಡಿದರು, ಮುಂದಕ್ಕೆ ತಳ್ಳಿದರು. 29ಕ್ಕೆ ಮರುಮತದಾನ. ಅಷ್ಟೊತ್ತಿಗೆ ಫೋನಿಗೆ ಬೇರೆ ಸುದ್ದಿ.

ಇಲ್ಲಿ ಒತ್ತದ ಬೆರಳಿನ ಜಾಣತನ ಸೋಲುತ್ತದೆ. ಒತ್ತದಿದ್ದರೆ ತಾನು ಕಾಣುವುದಿಲ್ಲ ಎಂದು ಹುಡುಗ ತಿಳಿದಿದ್ದಾನೆ. ಊರಿಗೆ ಕಾಣುವುದಿಲ್ಲ, ನಿಜ. ಆದರೆ ಎಷ್ಟು ಹೊತ್ತು ನೋಡಿದ, ಎಲ್ಲಿ ತಡೆದು ನಿಂತ ಎಂದು ಯಂತ್ರ ಎಣಿಸುತ್ತಲೇ ಇರುತ್ತದೆ. ಅಂಬೇಡ್ಕರರನ್ನು ಬೈದ ವಿಡಿಯೋವನ್ನು ಹಲ್ಲು ಕಚ್ಚಿ ಪೂರ್ತಿ ನೋಡಿದರೆ, ಇವನಿಗೆ ಇದು ಬೇಕು ಎಂದು ಅದೇ ಜಾತಿಯ ಹತ್ತು ತಂದು ಸುರಿಯುತ್ತದೆ. ಹುಡುಗನ ಮೌನವನ್ನೂ ಅದು ಮಾರಿಕೊಳ್ಳುತ್ತದೆ.

ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರರು ಮಂಟೇಸ್ವಾಮಿಯ ಕತೆ ಹಾಡುವುದನ್ನು ಕೇಳಿದವರಿಗೆ ಗೊತ್ತು: ಹಿಮ್ಮೇಳದವನು ಸೊಲ್ಲು ಎತ್ತಿಕೊಳ್ಳದಿದ್ದರೆ ಮುಂದಾಳು ಕತೆ ಬೆಳೆಸಲಾರ. ಕೇಳುವವನಿಗೂ ಅಲ್ಲಿ ಬಾಯಿದೆ. ಇಡೀ ರಾತ್ರಿ ಬೇಕು, ಜನ ಬೇಕು, ಉಸಿರು ಬೇಕು. ಫೋನಿನಲ್ಲಿ ಸೊಲ್ಲು ಎತ್ತುವವನು ಬರಿಯ ಲೆಕ್ಕ.

ಹಾಗಂತ ಬಿಸಾಕಿ ಎನ್ನಲಾರೆ. ಪರಿಶಿಷ್ಟರ ದೌರ್ಜನ್ಯ ತಡೆ ಕಾಯ್ದೆಯನ್ನು ಸಡಿಲಿಸಿದ ತೀರ್ಪು ಬಂದದ್ದು 2018ರ ಮಾರ್ಚ್ 20. ಏಪ್ರಿಲ್ 2ಕ್ಕೆ ಭಾರತ ಬಂದ್. ಆ ಕರೆ ದೊಡ್ಡ ಪಕ್ಷಗಳ ವೇದಿಕೆಗಿಂತ ಹೆಚ್ಚಾಗಿ ಇಂಥದೇ ಫೋನುಗಳಲ್ಲಿ ಹರಡಿತು. ಆಗಸ್ಟಿನಲ್ಲಿ ಸಂಸತ್ತು ಕಾಯ್ದೆಯನ್ನು ಮೊದಲಿನಂತೆ ಮಾಡಬೇಕಾಯಿತು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಪ್ ಸುಳ್ಳಿಗೆ ಒಬ್ಬ ಯುವಕನ ಹೆಣ ಬಿತ್ತು. ಎರಡೂ ಇದೇ ಬೆರಳಿನ ಕೆಲಸ.

ಕಾನೂನಿನ ಭಯ ಕೇಳುವ ಹುಡುಗರಿಗೆ ಒಂದು ಮಾತು. ಪೋಸ್ಟಿಗಾಗಿ ಜೈಲಿಗಟ್ಟುತ್ತಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಆದರೆ 2024ರ ಜುಲೈಯಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 196, 299, 353ನೇ ಕಲಮುಗಳಿವೆ. ಪ್ರಶ್ನೆ ಕೇಳುವುದಕ್ಕೂ ದ್ವೇಷ ಹಬ್ಬಿಸುವುದಕ್ಕೂ ಇರುವ ಗೆರೆ ತಿಳಿದು ಬರೆಯಿರಿ.

ಹೋದ ಭಾನುವಾರ ಆ ರಾಜೀನಾಮೆಯ ಹೇಳಿಕೆಯ ಕನ್ನಡ ಪ್ರತಿಯನ್ನು ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದೆ. ಐದು ಜನ ಕೂತರು. ಡಿಗ್ರಿ ಹುಡುಗ ಗಟ್ಟಿಯಾಗಿ ಓದಿದ. ‘ಸಂಹಿತೆ’ ಅಂದರೇನು ಎಂದು ಒಬ್ಬ ತಡೆದ, ಅದಕ್ಕೆ ಅರ್ಧ ಗಂಟೆ ಹೋಯಿತು. ನಡುವೆ ಎರಡು ಸಲ ಫೋನು ಹೊಡೆದುಕೊಂಡಿತು. ಎರಡನೆಯ ಸಲ ಅವನು ಅದನ್ನು ಮಗುಚಿ ಇಟ್ಟು, ‘ಇನ್ನೂ ಎಷ್ಟು ಪುಟ ಅದ ಕನಣ್ಣ?’ ಎಂದ. ನಾಲ್ಕು ಎಂದೆ. ‘ಕತ್ತಲಾಯ್ತದ, ಒಳಿಕ್ಕೆ ಕೂತ್ಕಳವಾ’ ಎಂದು ಎದ್ದ.